ಒಂದೇ ಸಪ್ರೆಸರ್, ಹಲವು ರೈಫಲ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬಂದೂಕಿನ ನಳಿಗೆಯ ತುದಿಗೆ ಜೋಡಿಸಿ ಅದರ ಸದ್ದನ್ನು ಕುಗ್ಗಿಸುವ ಲೋಹದ ಕೊಳವೆಗೆ ಸಪ್ರೆಸರ್ ಎಂದು ಹೆಸರು. ಜನಬಳಕೆಯಲ್ಲಿ ಅದು ಸೈಲೆನ್ಸರ್. ನಮ್ಮ ಓದುಗರಿಗೆ ಇದರ ಪರಿಚಯವಾಗಿರುವುದು ಬಹುಮಟ್ಟಿಗೆ ಚಲನಚಿತ್ರಗಳಿಂದ, ಅದೂ ಕೊಲೆಗಡುಕನ ಉಪಕರಣವಾಗಿ. ಅಮೆರಿಕದಲ್ಲಿ ಮಾತ್ರ ಬೇಟೆಗಾರರು ಹಾಗೂ ಗುರಿ ಅಭ್ಯಾಸ ಮಾಡುವವರು ಕಿವಿಯ ರಕ್ಷಣೆಗಾಗಿ ಇದನ್ನು ಕಾನೂನುಬದ್ಧವಾಗಿ ಕೊಳ್ಳುತ್ತಾರೆ. ಒಬ್ಬರ ಬಳಿಯೇ ಮೂರು ನಾಲ್ಕು ಬಗೆಯ ರೈಫಲ್‌ಗಳಿರುವುದು ಅಲ್ಲಿ ಅಪರೂಪವಲ್ಲ. ಒಂದೊಂದು ಸಪ್ರೆಸರ್‌ಗೂ ನೂರಾರು ಡಾಲರ್, ಕೆಲವಕ್ಕೆ ಸಾವಿರಕ್ಕೂ ಹೆಚ್ಚು ಬೆಲೆಯಿರುವುದರಿಂದ, ಒಂದನ್ನೇ ಕೊಂಡು ಎಲ್ಲಕ್ಕೂ ಬಳಸಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಬಹುಮಟ್ಟಿಗೆ ಬಳಸಬಹುದು ಎಂಬುದೇ ಉತ್ತರ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದುದು ಸಂಗ್ರಹದಲ್ಲಿರುವ ಅಚ್ಚುಮೆಚ್ಚಿನ ಬಂದೂಕಲ್ಲ, ಅತ್ಯಂತ ಉಗ್ರವಾದ ಬಂದೂಕು. ಈ ಲೆಕ್ಕ ತಪ್ಪಿದರೆ ಹಣದ ಜೊತೆಗೆ ಕಿವಿ, ಕೈ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಿದೆ.

ಹಿನ್ನೆಲೆ

ಮ್ಯಾಕ್ಸಿಂ ಮಷೀನ್‌ಗನ್ನಿನ ಜನಕ ಹೈರಂ ಸ್ಟೀವನ್ಸ್ ಮ್ಯಾಕ್ಸಿಂ ಬಂದೂಕುಗಳ ಸದ್ದಿಗೆ ವರ್ಷಗಟ್ಟಲೆ ಕಿವಿಗೊಟ್ಟು ಕೊನೆಗಾಲದಲ್ಲಿ ಕಿವುಡರಾದರು. ಸದ್ದಡಗಿಸುವ ಸಾಧನಕ್ಕೆ 1909ರಲ್ಲಿ ಅಮೆರಿಕದ ಪೇಟೆಂಟ್ ಪಡೆದು ಅದನ್ನು ಮಾರುಕಟ್ಟೆಗೆ ತಂದವರು ಅವರ ಮಗ ಹೈರಂ ಪರ್ಸಿ ಮ್ಯಾಕ್ಸಿಂ. ಎಂಜಿನ್‌ಗಳ ಹೊಗೆಕೊಳವೆಯ ಸದ್ದನ್ನು ಕುಗ್ಗಿಸುವುದಕ್ಕೂ ಅವರು ಇದೇ ತತ್ವವನ್ನು ಬಳಸಿದರು. ನಮ್ಮ ಬೈಕುಗಳ ಸೈಲೆನ್ಸರಿಗೂ ಬಂದೂಕಿನ ಸೈಲೆನ್ಸರಿಗೂ ಇರುವ ನಂಟು ಬರಿಯ ಹೆಸರಿನದಲ್ಲ.

ಸದ್ದು ಎಷ್ಟು ತಗ್ಗುತ್ತದೆ?

ರೈಫಲ್ ಸಿಡಿದಾಗ ಎರಡು ಬಗೆಯ ಸದ್ದು ಹುಟ್ಟುತ್ತದೆ. ಗುಂಡಿನ ಹಿಂದೆ ನುಗ್ಗಿಬರುವ ಬಿಸಿ ಅನಿಲ ನಳಿಗೆಯ ತುದಿಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ ಆಗುವ ಸ್ಫೋಟ ಮೊದಲನೆಯದು. ಸಪ್ರೆಸರ್‌ನೊಳಗೆ ಸಾಲಾಗಿ ಜೋಡಿಸಿದ ತಡೆಬಿಲ್ಲೆಗಳು ಈ ಅನಿಲವನ್ನು ಹಿಡಿದು, ಸುತ್ತಿಸಿ, ತಣಿಸಿ, ನಿಧಾನವಾಗಿ ಹೊರಬಿಡುತ್ತವೆ. ಗುಂಡು ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಸೀಳುವುದರಿಂದ ಏಳುವ ಚಟಾರನೆಯ ಸದ್ದು ಎರಡನೆಯದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; .308 ವಿಂಚೆಸ್ಟರ್ ಗುಂಡು ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ. ಈ ಎರಡನೆಯ ಸದ್ದನ್ನು ಯಾವ ಸಪ್ರೆಸರ್ ಕೂಡ ತಡೆಯಲಾರದು.

ಸಪ್ರೆಸರ್ ಇಲ್ಲದ ರೈಫಲ್ಲಿನ ಸದ್ದು ಸಾಮಾನ್ಯವಾಗಿ 160 ಡೆಸಿಬಲ್ ಮೀರುತ್ತದೆ. ಒಳ್ಳೆಯ ಸಪ್ರೆಸರ್ ಅದನ್ನು 20ರಿಂದ 35 ಡೆಸಿಬಲ್‌ನಷ್ಟು ಇಳಿಸುತ್ತದೆ. ಕ್ಷಣಿಕ ಸದ್ದಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮಗಳು ಹೇಳುವ ಮಿತಿ 140 ಡೆಸಿಬಲ್. ಅಂದರೆ ಸಪ್ರೆಸರ್ ಇದ್ದರೂ ಸದ್ದು ಈ ಗಡಿಯ ಆಸುಪಾಸಿನಲ್ಲೇ ಉಳಿಯಬಹುದು. ಆದ್ದರಿಂದ ಕಿವಿಗೆ ರಕ್ಷಾಕವಚ ಧರಿಸುವುದನ್ನು ಬಿಡುವಂತಿಲ್ಲ. ಒಳಗಿನ ಗಾಳಿಯಲ್ಲಿರುವ ಆಮ್ಲಜನಕ ಉರಿಯುವುದರಿಂದ ಮೊದಲ ಹೊಡೆತದ ಸದ್ದು ನಂತರದವುಗಳಿಗಿಂತ ಜೋರಾಗಿರುವುದೂ ಉಂಟು.

ರಂಧ್ರದ ಅಳತೆ

ಹಲವು ಬಂದೂಕುಗಳಿಗೆ ಒಂದೇ ಸಪ್ರೆಸರ್ ಎಂದಾಗ ಮೊದಲು ನೋಡಬೇಕಾದುದು ಗುಂಡು ಹಾದುಹೋಗುವ ರಂಧ್ರದ ಅಳತೆ. ದೊಡ್ಡ ರಂಧ್ರದ ಸಪ್ರೆಸರ್‌ನಲ್ಲಿ ಸಣ್ಣ ಗುಂಡು ಹಾಯ್ದುಹೋಗುತ್ತದೆ. ಇದರ ವಿರುದ್ಧ ಕ್ರಮ ಅಪಘಾತಕ್ಕೆ ದಾರಿ. .223 ರೆಮಿಂಗ್ಟನ್ ಗುಂಡಿನ ವ್ಯಾಸ 5.69 ಮಿ.ಮೀ., 6.5 ಕ್ರೀಡ್‌ಮೋರ್‌ನದು 6.71 ಮಿ.ಮೀ., .308 ವಿಂಚೆಸ್ಟರ್‌ನದು 7.82 ಮಿ.ಮೀ. ಹೀಗಾಗಿ .30 ಕ್ಯಾಲಿಬರ್‌ನ ಸಪ್ರೆಸರ್ ಒಂದಿದ್ದರೆ ಈ ಮೂರಕ್ಕೂ ಸಲ್ಲುತ್ತದೆ. ಬಹುಬಳಕೆಗೆ ಹೆಚ್ಚಿನವರು ಇದನ್ನೇ ಆರಿಸಿಕೊಳ್ಳಲು ಕಾರಣವೂ ಇದೇ.

ಈ ಅನುಕೂಲಕ್ಕೆ ಸ್ವಲ್ಪ ಬೆಲೆ ತೆರಬೇಕಾಗುತ್ತದೆ. ಸಣ್ಣ ಗುಂಡಿನ ಸುತ್ತ ಉಳಿಯುವ ಜಾಗದಿಂದ ಅನಿಲ ಬೇಗ ಹೊರನುಸುಳುವುದರಿಂದ, .223ರ ಮೇಲೆ .30 ಸಪ್ರೆಸರ್ ಬಳಸಿದಾಗ ಅದಕ್ಕಾಗಿಯೇ ತಯಾರಾದುದಕ್ಕಿಂತ ಸದ್ದು ಕೆಲವು ಡೆಸಿಬಲ್ ಹೆಚ್ಚಿರುವುದು ಸಾಮಾನ್ಯ. ಕೆಲವು ಮಾದರಿಗಳಲ್ಲಿ ಮುಂದಿನ ಮುಚ್ಚಳವನ್ನು ಬದಲಿಸಿ ರಂಧ್ರವನ್ನು ಕಿರಿದಾಗಿಸುವ ಅವಕಾಶವಿದೆ. ಆದರೆ ಸಣ್ಣ ಮುಚ್ಚಳ ಹಾಕಿರುವುದನ್ನು ಮರೆತು ದೊಡ್ಡ ಗುಂಡು ಹಾರಿಸಿದರೆ ಸಪ್ರೆಸರ್ ಸೀಳಿಹೋಗುತ್ತದೆ.

ಒತ್ತಡ ಮತ್ತು ನಳಿಗೆಯ ಉದ್ದ

ರಂಧ್ರ ಹೊಂದಿದ ಮಾತ್ರಕ್ಕೆ ಸಪ್ರೆಸರ್ ಹೊಂದಿತೆಂದು ಭಾವಿಸುವಂತಿಲ್ಲ. .308 ವಿಂಚೆಸ್ಟರ್‌ಗೂ .300 ವಿಂಚೆಸ್ಟರ್ ಮ್ಯಾಗ್ನಂಗೂ ಗುಂಡಿನ ವ್ಯಾಸ ಒಂದೇ. ಅಮೆರಿಕದ ತಯಾರಕರ ಮಾನಕದಂತೆ ಮೊದಲನೆಯದರ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಎರಡನೆಯದರದು 64,000 ಪೌಂಡ್. ವ್ಯತ್ಯಾಸ ಅಲ್ಪವೆನಿಸಿದರೂ ಮ್ಯಾಗ್ನಂ ತೋಟಾದಲ್ಲಿ ಉರಿಯುವ ಮದ್ದಿನ ಪ್ರಮಾಣ ಬಹಳ ಹೆಚ್ಚು. ಸಪ್ರೆಸರ್ ನಿಭಾಯಿಸಬೇಕಾದ ಅನಿಲವೂ ಅಷ್ಟೇ ಹೆಚ್ಚುತ್ತದೆ.

ನಳಿಗೆಯ ಉದ್ದವೂ ಇಷ್ಟೇ ಮುಖ್ಯ. ನಳಿಗೆ ಗಿಡ್ಡವಾದಷ್ಟೂ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬೀಳುತ್ತದೆ. ಉಳಿದ ಒತ್ತಡವೆಲ್ಲ ಸಪ್ರೆಸರ್‌ನ ಮೊದಲ ತಡೆಬಿಲ್ಲೆಯ ಮೇಲೆ ಬೀಳುತ್ತದೆ. 10.5 ಇಂಚು ನಳಿಗೆಯ .223, ಉದ್ದ ನಳಿಗೆಯ ಬೇಟೆ ರೈಫಲ್ಲಿಗಿಂತ ಸಪ್ರೆಸರನ್ನು ಹೆಚ್ಚು ಸವೆಸಬಲ್ಲುದು. ಯಾವ ತೋಟಾಕ್ಕೆ ಕನಿಷ್ಠ ಎಷ್ಟು ಉದ್ದದ ನಳಿಗೆ ಇರಬೇಕೆಂದು ತಯಾರಕರು ಕೈಪಿಡಿಯಲ್ಲಿ ಸೂಚಿಸಿರುತ್ತಾರೆ. ಹಣ ಕೊಡುವ ಮೊದಲು ತಮ್ಮ ಪ್ರತಿಯೊಂದು ಬಂದೂಕನ್ನೂ ಆ ಪಟ್ಟಿಯೊಡನೆ ತಾಳೆ ನೋಡುವುದು ಅಗತ್ಯ.

ಜೋಡಣೆಯ ಕ್ರಮ

.223 ರೈಫಲ್‌ಗಳ ನಳಿಗೆಯ ತುದಿಯಲ್ಲಿ ಸಾಮಾನ್ಯವಾಗಿ ಅರ್ಧ ಇಂಚು ವ್ಯಾಸದ, ಇಂಚಿಗೆ 28 ಸುತ್ತಿನ ಥ್ರೆಡ್ ಇರುತ್ತದೆ. .30 ಕ್ಯಾಲಿಬರ್‌ನವುಗಳಲ್ಲಿ 5/8 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಬಂದೂಕು ಬದಲಾದಂತೆ ಸಪ್ರೆಸರನ್ನು ಬದಲಿಸಿ ಹಾಕಲು ಎರಡು ದಾರಿಗಳಿವೆ. ನೇರವಾಗಿ ತಿರುಗಿಸಿ ಕೂರಿಸುವುದು ಒಂದು. ಇದು ಹಗುರ ಹಾಗೂ ಸರಳ, ಆದರೆ ನಡುನಡುವೆ ಬಿಗಿ ಪರೀಕ್ಷಿಸುತ್ತಿರಬೇಕು. ಪ್ರತಿ ರೈಫಲ್ಲಿಗೂ ಒಂದೇ ಬಗೆಯ ಅಡಾಪ್ಟರ್ ಶಾಶ್ವತವಾಗಿ ಕೂರಿಸಿ, ಅದರ ಮೇಲೆ ಸಪ್ರೆಸರನ್ನು ಕ್ಷಣದಲ್ಲಿ ಸಿಕ್ಕಿಸುವುದು ಇನ್ನೊಂದು. ಇದರಲ್ಲಿ ತೂಕವೂ ಖರ್ಚೂ ಹೆಚ್ಚು. ಆದರೆ ಹಲವು ಬಂದೂಕುಗಳಿರುವವರಿಗೆ ಇದೇ ಅನುಕೂಲ. ಇತ್ತೀಚಿನ ಅನೇಕ ಸಪ್ರೆಸರ್‌ಗಳ ಹಿಂಬದಿಯಲ್ಲಿ 1.375 ಇಂಚು ವ್ಯಾಸದ, ಇಂಚಿಗೆ 24 ಸುತ್ತಿನ ಸಮಾನ ಥ್ರೆಡ್ ಇರುವುದರಿಂದ ಬೇರೆ ಬೇರೆ ಕಂಪನಿಗಳ ಅಡಾಪ್ಟರ್‌ಗಳನ್ನು ಬಳಸಬಹುದಾಗಿದೆ. ಬಹುಬಳಕೆಗೆ ಕೊಳ್ಳುವವರು ಈ ಸೌಲಭ್ಯವಿರುವುದನ್ನೇ ಆರಿಸುವುದು ಜಾಣತನ.

ಥ್ರೆಡ್ ಕೊರೆದಿರುವುದು ನಳಿಗೆಯ ರಂಧ್ರಕ್ಕೆ ನೇರವಾಗಿಲ್ಲದಿದ್ದರೆ ಗುಂಡು ಒಳಗಿನ ಬಿಲ್ಲೆಗೆ ಬಡಿಯುತ್ತದೆ. ಹೊಸ ಬಂದೂಕಿಗೆ ಮೊದಲ ಬಾರಿ ಜೋಡಿಸಿದಾಗ, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಅಳತೆಯ ಸರಳನ್ನು ನಳಿಗೆಯೊಳಗೆ ತೂರಿಸಿ ಅದು ಮುಂತುದಿಯ ನಡುಮಧ್ಯೆ ಬರುವುದೇ ಎಂದು ನೋಡಬೇಕು. ಸಂಶಯವಿದ್ದಲ್ಲಿ ಬಂದೂಕು ರಿಪೇರಿಯ ಪರಿಣತರಿಗೆ ತೋರಿಸುವುದೇ ಸರಿ.

ಅರೆಸ್ವಯಂಚಾಲಿತ ರೈಫಲ್‌ಗಳ ಸಮಸ್ಯೆ

ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿನಲ್ಲಿ ಸಪ್ರೆಸರ್ ಅಷ್ಟಾಗಿ ತೊಂದರೆ ಕೊಡದು. ಅನಿಲದ ಬಲದಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ಎಆರ್-15ರಂಥ ರೈಫಲ್‌ಗಳ ಸ್ಥಿತಿ ಬೇರೆ. ಸಪ್ರೆಸರ್ ತಡೆಹಿಡಿದ ಅನಿಲ ಹಿಮ್ಮುಖವಾಗಿ ಹರಿದು ಯಂತ್ರಭಾಗಗಳನ್ನು ಅತಿವೇಗದಿಂದ ಓಡಿಸುತ್ತದೆ. ಸೀಸ ಹಾಗೂ ತಾಮ್ರದ ಕಣಗಳಿರುವ ಹೊಗೆ ಹೊಡೆಯುವವರ ಮುಖಕ್ಕೇ ರಾಚುತ್ತದೆ. ಕಿವಿಯ ಬಳಿಯ ಸದ್ದೂ ಏರುತ್ತದೆ. ಅನಿಲದ ಪ್ರಮಾಣವನ್ನು ಹೊಂದಿಸಬಲ್ಲ ಬಿಡಿಭಾಗ ಅಳವಡಿಸುವುದು ಒಂದು ಪರಿಹಾರ. ಅನಿಲವನ್ನು ಮುಂದಕ್ಕೇ ಹರಿಯಬಿಡುವ ವಿನ್ಯಾಸದ ಸಪ್ರೆಸರ್ ಇನ್ನೊಂದು. ಎರಡೂ ಬಗೆಯ ರೈಫಲ್ ಇರುವವರು ಜಾಹೀರಾತಿನ ಡೆಸಿಬಲ್ ಅಂಕಿಯೊಂದನ್ನೇ ನಂಬದೆ, ಆ ಅಳತೆಯನ್ನು ನಳಿಗೆಯ ತುದಿಯಲ್ಲಿ ಮಾಡಲಾಗಿದೆಯೋ ಕಿವಿಯ ಬಳಿಯೋ ಎಂದು ವಿಚಾರಿಸಬೇಕು.

ಲೋಹ, ತೂಕ, ಗುರಿ

ಟೈಟಾನಿಯಂ ಹಗುರ, ಹೊತ್ತು ನಡೆಯುವ ಬೇಟೆಗಾರನಿಗೆ ಒಳ್ಳೆಯದು. ಆದರೆ ಬಿಡುವಿಲ್ಲದೆ ಹೊಡೆದು ಅತಿಯಾಗಿ ಕಾದರೆ ಅದರ ಬಲ ಕುಗ್ಗುತ್ತದೆ. ಉಕ್ಕು, ಇನ್‌ಕೊನೆಲ್, ಸ್ಟೆಲೈಟ್ ಮುಂತಾದವು ತೂಕವಾದರೂ ಕಾವನ್ನು ತಾಳುತ್ತವೆ. ಕಾದ ಸಪ್ರೆಸರನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುವುದು ಖಂಡಿತ.

ನಳಿಗೆಯ ತುದಿಗೆ ತೂಕ ಬಿದ್ದಾಗ ಗುಂಡು ತಗಲುವ ಜಾಗ ಸ್ವಲ್ಪ ಸರಿಯುತ್ತದೆ. ಈ ವ್ಯತ್ಯಾಸ ಪ್ರತಿ ರೈಫಲ್ಲಿಗೂ ಬೇರೆ. ಆದ್ದರಿಂದ ಸಪ್ರೆಸರ್ ಹಾಕಿಯೂ ತೆಗೆದೂ ಗುರಿ ಪರೀಕ್ಷಿಸಿ ಪ್ರತಿ ಬಂದೂಕಿನ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು ರೂಢಿ.

.22ಕ್ಕೆ ಬೇರೆಯದೇ ಇರಲಿ

ಎಲ್ಲಕ್ಕೂ ಒಂದೇ ಎಂಬ ಲೆಕ್ಕಾಚಾರ ಸೋಲುವುದು .22 ಲಾಂಗ್ ರೈಫಲ್ ತೋಟಾದ ಮುಂದೆ. ಒತ್ತಡದ ದೃಷ್ಟಿಯಿಂದ ಇದು ಅತಿ ಸೌಮ್ಯ. ಆದರೆ ಇದರ ಗುಂಡುಗಳು ಬಹುಪಾಲು ಬರಿಯ ಸೀಸದವು. ಸೀಸದ ಕಿಟ್ಟ ಸಪ್ರೆಸರ್‌ನೊಳಗೆ ಪದರ ಪದರವಾಗಿ ಕೂರುತ್ತದೆ. ಬೆಸುಗೆ ಹಾಕಿ ಮುಚ್ಚಿದ ರೈಫಲ್ ಸಪ್ರೆಸರನ್ನು ಬಿಚ್ಚಿ ತೊಳೆಯಲಾಗದು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತೊಳೆಯುವ ಅಭ್ಯಾಸ ಕೆಲವರಲ್ಲಿದೆ. ಅದರಿಂದ ಹುಟ್ಟುವ ಲೆಡ್ ಅಸಿಟೇಟ್ ಚರ್ಮದ ಮೂಲಕವೂ ದೇಹ ಸೇರಬಲ್ಲ ವಿಷ. .22ಕ್ಕೆ ಬಿಚ್ಚಿ ಶುಚಿಗೊಳಿಸಬಹುದಾದ, ಅಗ್ಗದ, ಪ್ರತ್ಯೇಕ ಸಪ್ರೆಸರ್ ಇರುವುದೇ ಲೇಸು.

ಕಾನೂನು ಏನನ್ನುತ್ತದೆ?

ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಸಪ್ರೆಸರ್ ವರ್ಗಾವಣೆಗೆ 200 ಡಾಲರ್ ತೆರಿಗೆ ವಿಧಿಸಿತ್ತು. 2025ರಲ್ಲಿ ಅಂಗೀಕಾರವಾದ ಶಾಸನದಂತೆ 2026ರ ಜನವರಿ 1ರಿಂದ ಈ ತೆರಿಗೆ ಶೂನ್ಯವಾಗಿದೆ. ಆದರೆ ನೋಂದಣಿ, ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ಪರಿಶೀಲನೆ ರದ್ದಾಗಿಲ್ಲ. ನೋಂದಣಿಯಿಲ್ಲದೆ ಇಟ್ಟುಕೊಂಡರೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಸೇರಿದಂತೆ ಎಂಟು ರಾಜ್ಯಗಳಲ್ಲಿ ಸಾರ್ವಜನಿಕರು ಸಪ್ರೆಸರ್ ಹೊಂದುವಂತಿಲ್ಲ. ಒಬ್ಬರ ಹೆಸರಿನಲ್ಲಿ ನೋಂದಾಯಿತವಾದುದನ್ನು ನೆಂಟರಿಗೋ ಸ್ನೇಹಿತರಿಗೋ ಎರವಲು ಕೊಟ್ಟು ಕಳುಹಿಸುವಂತಿಲ್ಲ. ಮೊದಲ ಆಯ್ಕೆಯೇ ಸರಿಯಾಗಿರಬೇಕೆನ್ನುವುದು ಇದಕ್ಕಾಗಿ.

ಅಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಲ್ಲಿನ ಒಕ್ಕೂಟ ಕಾನೂನು, ಸೀಮಿತ ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. ಸಪ್ರೆಸರ್ ಕೂಡ ಆ ಕಾನೂನಿನ ದೃಷ್ಟಿಯಲ್ಲಿ ಬಂದೂಕೇ. ಭಾರತದಲ್ಲಂತೂ ಬಂದೂಕಿನ ಸದ್ದು ಕುಗ್ಗಿಸುವ ಸಾಧನಗಳು ಶಸ್ತ್ರ ನಿಯಮಗಳ ನಿಷೇಧಿತ ವರ್ಗಕ್ಕೆ ಸೇರಿವೆ. ಬಂದೂಕಿಗೆ ಪರವಾನಗಿ ಇರುವವರೂ ಇದನ್ನು ಹೊಂದುವಂತಿಲ್ಲ. ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತರುವ ಯೋಚನೆಯೂ ಸಲ್ಲದು.

ಒಟ್ಟಾರೆ

ಕೊಳ್ಳುವ ಮುನ್ನ ತಮ್ಮಲ್ಲಿರುವ ಬಂದೂಕುಗಳ ಪಟ್ಟಿ ಮಾಡಿ, ದೊಡ್ಡ ಗುಂಡು ಯಾವುದು, ಹೆಚ್ಚು ಒತ್ತಡದ ತೋಟಾ ಯಾವುದು, ಗಿಡ್ಡ ನಳಿಗೆ ಯಾವುದು ಎಂದು ಗುರುತಿಸಬೇಕು. ಈ ಮೂರನ್ನೂ ತಾಳಬಲ್ಲ ಸಪ್ರೆಸರ್ ಉಳಿದವುಗಳಿಗೂ ಒದಗುತ್ತದೆ. ಅದು ಎಲ್ಲಕ್ಕಿಂತ ಹಗುರವಾಗಿರಲಾರದು, ಎಲ್ಲಕ್ಕಿಂತ ಮೌನವಾಗಿಯೂ ಇರಲಾರದು. ಬಹುಬಳಕೆಯ ಸಾಧನದಿಂದ ನಿರೀಕ್ಷಿಸಬೇಕಾದುದು ಸುರಕ್ಷತೆಯನ್ನು ಮೊದಲು, ನಿಶ್ಶಬ್ದವನ್ನು ಆಮೇಲೆ.