ಪ್ರೊಸೆಸ್ಸಿನ ಅಧಿಕಾರಪತ್ರ: ಅದರ ಪೂರ್ವೋತ್ತರ

ಗಣಕಯಂತ್ರವೊಂದನ್ನು ಅನೇಕರು ಏಕಕಾಲದಲ್ಲಿ ಬಳಸತೊಡಗಿದಂದಿನಿಂದ, ಕೆಲಸವನ್ನು ಮಾಡಿಸುತ್ತಿರುವವನು ಯಾರು ಎಂಬುದೂ ಅದು ಯಾರ ಅಧಿಕಾರದಿಂದ ನಡೆಯುತ್ತಿದೆ ಎಂಬುದೂ ಬೇರೆಬೇರೆಯಾದ ಪ್ರಶ್ನೆಗಳೆಂಬ ಅರಿವು ಕ್ರಮಕ್ರಮವಾಗಿ ಬಲಿಯಿತು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಇತಿಹಾಸದಲ್ಲಿ ಇದಕ್ಕಿಂತ ಗಹನವಾದ ಅಧ್ಯಾಯಗಳು ವಿರಳವೆಂದೇ ನನ್ನ ಭಾವನೆ.

ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ, ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಿಂದ ಕಟ್ಟಿ ಬೆಳೆಸಿದ ಯೂನಿಕ್ಸ್‌ನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಅವನು ಹೂಡಿದ ಪ್ರತಿಯೊಂದು ಪ್ರೊಸೆಸ್ಸಿಗೂ, ಎಂದರೆ ನಡೆಯುತ್ತಿರುವ ಪ್ರೋಗ್ರಾಮಿಗೂ, ಆ ಸಂಖ್ಯೆಯ ಮುದ್ರೆ. ಸೊನ್ನೆಯೆಂಬ ಸಂಖ್ಯೆಯುಳ್ಳ ರೂಟ್‌ಗೆ ಮಾತ್ರ ಯಾವ ಬಾಗಿಲೂ ಮುಚ್ಚಿಲ್ಲ. ಆದರೆ ತನ್ನ ಪಾಸ್‌ವರ್ಡನ್ನು ಬದಲಾಯಿಸಬಯಸುವ ಸಾಮಾನ್ಯನು ರೂಟ್‌ನ ಸ್ವತ್ತಾದ ಕಡತವನ್ನು ಮುಟ್ಟಲೇಬೇಕಷ್ಟೆ. ಕಡತವನ್ನೇ ಅವನಿಗೆ ಒಪ್ಪಿಸಿದರೆ ಎಲ್ಲರ ಪಾಸ್‌ವರ್ಡನ್ನೂ ಅವನು ತಿದ್ದಬಲ್ಲನು. ಒಪ್ಪಿಸದಿದ್ದರೆ ಅವನ ಕೆಲಸ ನಡೆಯದು. ರಿಚಿ ಕಂಡ ಪರಿಹಾರವು ನಂಬಿಕೆಯನ್ನು ಮನುಷ್ಯನಲ್ಲಿಡದೆ ಪ್ರೋಗ್ರಾಮಿನಲ್ಲಿಡುವುದಾಗಿದ್ದಿತು: ಕಡತದ ಮೇಲೆ ‘ಸೆಟ್‌ಯುಐಡಿ’ ಎಂಬ ಒಂದೇ ಬಿಟ್ಟಿನ ಗುರುತಿದ್ದರೆ, ಆ ಪ್ರೋಗ್ರಾಮು ನಡೆಯುವಷ್ಟು ಹೊತ್ತು ಕರೆದವನ ನಿಜಸಂಖ್ಯೆ ಹಾಗೆಯೇ ಉಳಿದು, ಚಾಲ್ತಿಯ ಸಂಖ್ಯೆ ಮಾತ್ರ ಕಡತದ ಒಡೆಯನದಾಗುವುದು. 1973ರಲ್ಲಿ ಅರ್ಜಿ ಸಲ್ಲಿಸಿ 1979ರಲ್ಲಿ ದೊರೆತ ಇದರ ಪೇಟೆಂಟನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟದ್ದು ಸ್ಮರಣೀಯವಾದ ಔದಾರ್ಯ.

ಎರವಲಾಗಿ ಪಡೆದ ಅಧಿಕಾರವನ್ನು ಕಳಚಿಡುವ ವಿಧಾನದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಯೂನಿಕ್ಸ್‌ನ ಸಿಸ್ಟಂ ಫೈವ್ ಎಂಬ ಕವಲು, ಕಳಚಿಟ್ಟ ಅಧಿಕಾರವನ್ನು ಮರಳಿ ಪಡೆಯಲೆಂದು ಮೂರನೆಯ ಸಂಖ್ಯೆಯೊಂದನ್ನು ಕಾಪಿಟ್ಟಿತು. ಮತ್ತೊಂದು ಕವಲಾದ ಬರ್ಕ್ಲಿಯವರು ನಿಜಸಂಖ್ಯೆ, ಚಾಲ್ತಿಸಂಖ್ಯೆಗಳೆರಡನ್ನು ಅದಲುಬದಲು ಮಾಡಲು ಅವಕಾಶವಿತ್ತರು. ಯೂನಿಕ್ಸ್‌ನ ಮಾದರಿಯಲ್ಲಿ ರಚಿತವಾದ ಲಿನಕ್ಸ್‌ನಲ್ಲಿ 2000ದಲ್ಲಿ ಬೆಳಕಿಗೆ ಬಂದ ಲೋಪವೊಂದರಿಂದ, ಅಂಚೆಯನ್ನು ನಿರ್ವಹಿಸುವ ಸೆಂಡ್‌ಮೇಲ್ ರೂಟ್‌ಪದವಿಯನ್ನು ತ್ಯಜಿಸಲು ಕೇಳಿಕೊಂಡಾಗ, ಕರ್ನೆಲ್ ಆಯಿತೆಂದು ಉತ್ತರಿಸಿಯೂ ಕಾಪಿಟ್ಟ ಸಂಖ್ಯೆಯಲ್ಲಿ ರೂಟನ್ನು ಹಾಗೆಯೇ ಉಳಿಸುವಂತೆ ಮಾಡಲು ದುರುದ್ದೇಶದವನಿಗೆ ಸಾಧ್ಯವಿದ್ದಿತು.

ಇಷ್ಟಾದರೂ ಲಿನಕ್ಸ್‌ನಲ್ಲಿ ಈ ಸಂಖ್ಯೆಗಳು ಪ್ರೊಸೆಸ್ಸಿನ ದಾಖಲೆಯೊಳಗೇ ಬಿಡಿಬಿಡಿಯಾಗಿದ್ದು, ಇದ್ದಲ್ಲಿಯೇ ತಿದ್ದಲ್ಪಡುತ್ತಿದ್ದುವು. ಒಂದು ಪ್ರೊಸೆಸರ್ ತಿದ್ದುತ್ತಿರುವಾಗಲೇ ಮತ್ತೊಂದು ಓದಿದರೆ, ಅರ್ಧ ಹಳಬನೂ ಅರ್ಧ ಹೊಸಬನೂ ಆದ ವ್ಯಕ್ತಿಯು ಅದಕ್ಕೆ ಕಾಣುವ ಸಂಭವವಿದ್ದಿತು. 2009ರ ಮಾರ್ಚಿನಲ್ಲಿ ಹೊರಬಂದ 2.6.29ನೆಯ ಆವೃತ್ತಿಯಲ್ಲಿ ಕರ್ನೆಲ್ಲಿನ ಅಭಿವರ್ಧಕ ಡೇವಿಡ್ ಹೋವೆಲ್ಸ್ ಅವೆಲ್ಲವನ್ನೂ ಒಂದೇ ಅಧಿಕಾರಪತ್ರದಲ್ಲಿ ಕ್ರೋಡೀಕರಿಸಿ, ಒಮ್ಮೆ ಜಾರಿಯಾದ ಪತ್ರದಲ್ಲಿ ಅಧಿಕಾರವನ್ನು ತಿದ್ದಕೂಡದೆಂಬ ಕಟ್ಟಳೆಯನ್ನು ವಿಧಿಸಿದರು. ನಕಲು ತೆಗೆದು, ನಕಲಿನಲ್ಲಿ ತಿದ್ದಿ, ಪರೀಕ್ಷೆಗಳೆಲ್ಲ ಮುಗಿದ ಬಳಿಕ ಒಮ್ಮೆಗೇ ಜಾರಿಗೊಳಿಸುವುದು. ಪರೀಕ್ಷೆಯಲ್ಲಿ ಸೋತರೆ ನಕಲನ್ನೇ ಬಿಸುಡುವುದು. ಬದಲಿಸುವ ಹಕ್ಕು ಆಯಾ ಪ್ರೊಸೆಸ್ಸಿಗಲ್ಲದೆ ಅನ್ಯರಿಗಿಲ್ಲ. ಕರ್ನೆಲ್ಲು ಯಾರದೋ ಪರವಾಗಿ ಮತ್ತೊಬ್ಬರ ಅಧಿಕಾರದಲ್ಲಿ ಡಿಸ್ಕಿಗೆ ಬರೆಯಬೇಕಾದ ಪ್ರಸಂಗಗಳಿಗಾಗಿ ಪ್ರೊಸೆಸ್ಸಿಗೆ ಎರಡು ಪತ್ರಗಳನ್ನು ತೋರುವ ಅನುಕೂಲವನ್ನೂ ಕಲ್ಪಿಸಿದರು: ಇತರರು ಅದನ್ನು ನೋಡುವಾಗ ಒಂದು, ಅದು ತಾನಾಗಿ ಕಾರ್ಯವೆಸಗುವಾಗ ಮತ್ತೊಂದು. ರಿಚಿಯ ನಿಜಸಂಖ್ಯೆ, ಚಾಲ್ತಿಸಂಖ್ಯೆಗಳ ವಿವೇಕವೇ ಇಲ್ಲಿ ಕರ್ನೆಲ್ಲಿನ ಗರ್ಭದೊಳಗೆ ಮರುಹುಟ್ಟು ಪಡೆಯಿತೆನ್ನಬಹುದು.

ಹೊಸ ಪತ್ರ ಜಾರಿಯಾದೊಡನೆ ಹಳೆಯದು ಅಳಿಯುವುದಿಲ್ಲ. ಅದನ್ನು ಓದುತ್ತಿರುವವರು ಓದಿ ಮುಗಿಸುವವರೆಗೂ, ಅದರ ಬಲದಿಂದ ತೆರೆದ ಕಡತಗಳು ಮುಚ್ಚುವವರೆಗೂ ಕರ್ನೆಲ್ ಅದನ್ನು ಕಾದಿಟ್ಟು, ಕಟ್ಟಕಡೆಯವನು ಕೈಬಿಟ್ಟ ಮೇಲೆಯೇ ಆ ಜಾಗವನ್ನು ತೆರವು ಮಾಡುವುದು.