ಬೆಂಗಳೂರು ನಗರದ ಮಳೆ: ಮುನ್ನೆಚ್ಚರಿಕೆ ಮತ್ತು ಪರಿಹಾರ ಕುರಿತು ನಾಗರಿಕರಿಗೆ ಮಾಹಿತಿ

ಬೆಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಡುಗು ಸಹಿತ ಮುಂಗಾರು ಪೂರ್ವ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಹಾಗೂ ನಂತರ ಡಿಸೆಂಬರ್‌ವರೆಗೆ ಈಶಾನ್ಯ ಹಿಂಗಾರು ಮಳೆಯಾಗುತ್ತದೆ. ಮಧ್ಯಾಹ್ನದವರೆಗೆ ಬಿಸಿಲಿದ್ದು ಸಂಜೆ ಧಾರಾಕಾರ ಮಳೆ ಸುರಿಯುವುದು, ಒಂದು ಬಡಾವಣೆ ಜಲಾವೃತವಾದಾಗ ಇನ್ನೊಂದು ಒಣಗಿರುವುದು ಇಲ್ಲಿ ಸಾಮಾನ್ಯ. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ ದಾಖಲಾಯಿತು, ಇದು ಜೂನ್ ತಿಂಗಳ ಒಟ್ಟು ಸರಾಸರಿ ಮಳೆಗೆ ಹೆಚ್ಚುಕಡಿಮೆ ಸಮ. ಆದ್ದರಿಂದ ಬೆಳಗಿನ ಆಕಾಶವನ್ನು ನೋಡಿ ಸಂಜೆಯ ಪ್ರಯಾಣವನ್ನು ನಿರ್ಧರಿಸುವುದು ಸೂಕ್ತವಲ್ಲ.

ನೀರು ನಿಲ್ಲಲು ಕಾರಣ

ನಗರವು ಎತ್ತರದ ದಿಣ್ಣೆಯ ಮೇಲಿದ್ದು, ಮಳೆನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ಹೊರಹರಿಯುತ್ತದೆ. ಕೆರೆಯಿಂದ ಕೆರೆಗೆ ನೀರು ಸಾಗಿಸುವ ರಾಜಕಾಲುವೆಗಳು ಕಿರಿದಾದಲ್ಲಿ ಅಥವಾ ಮುಚ್ಚಿಹೋದಲ್ಲಿ ನೀರು ಮನೆಗಳಿಗೆ ನುಗ್ಗುತ್ತದೆ. ಮನೆ ಕೊಳ್ಳುವವರು ಹಾಗೂ ಬಾಡಿಗೆಗೆ ಪಡೆಯುವವರು ನಿವೇಶನದ ಇಳಿಜಾರು, ಸಮೀಪದ ಕೆರೆ ಮತ್ತು ರಾಜಕಾಲುವೆಯ ವಿವರಗಳನ್ನು ಮೊದಲೇ ವಿಚಾರಿಸುವುದು ಒಳಿತು.

ಹವಾಮಾನ ಮುನ್ಸೂಚನೆಯ ಬಣ್ಣಗಳು

ಭಾರತ ಹವಾಮಾನ ಇಲಾಖೆಯು ನಾಲ್ಕು ಬಣ್ಣಗಳಲ್ಲಿ ಸೂಚನೆ ನೀಡುತ್ತದೆ. ಹಸಿರು: ಎಚ್ಚರಿಕೆ ಇಲ್ಲ. ಹಳದಿ: ಗಮನವಿರಲಿ. ಕಿತ್ತಳೆ: ಸಿದ್ಧರಾಗಿರಿ. ಕೆಂಪು: ಕೂಡಲೇ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನದು ಭಾರಿ ಮಳೆ, 115.6ರಿಂದ 204.4 ಮಿ.ಮೀ.ವರೆಗಿನದು ಅತಿ ಭಾರಿ ಮಳೆ ಎನಿಸುತ್ತದೆ.

ಮಳೆಯ ಸಮಯದಲ್ಲಿ ಪಾಲಿಸಬೇಕಾದ ಕ್ರಮಗಳು

1. ನೀರು ನಿಂತ ಕೆಳಸೇತುವೆಯೊಳಗೆ ವಾಹನ ಇಳಿಸಬಾರದು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಮೃತಪಟ್ಟರು. ಹರಿಯುವ ನೀರು ಒಂದು ಅಡಿಯಷ್ಟಿದ್ದರೂ ಚಿಕ್ಕ ಕಾರು ತೇಲಬಹುದು.

2. ನೀರಿನಲ್ಲಿ ಸ್ಥಗಿತಗೊಂಡ ವಾಹನವನ್ನು ಮತ್ತೆ ಚಾಲೂ ಮಾಡಬಾರದು, ಎಂಜಿನ್‌ಗೆ ಹಾನಿಯಾಗುತ್ತದೆ. ವಾಹನದಿಂದ ಹೊರಬಂದು ಎತ್ತರದ ಸ್ಥಳಕ್ಕೆ ತೆರಳತಕ್ಕದ್ದು.

3. ಬಿರುಗಾಳಿ ಸಹಿತ ಮಳೆಯಲ್ಲಿ ಮರಗಳ ಕೆಳಗೆ ನಿಲ್ಲಬಾರದು, ವಾಹನವನ್ನೂ ನಿಲ್ಲಿಸಬಾರದು.

4. ಮನೆಯೊಳಗೆ ನೀರು ಬರುವ ಸಂಭವವಿದ್ದಲ್ಲಿ, ನೆಲ ಒಣಗಿರುವಾಗಲೇ ವಿದ್ಯುತ್ ಮೇನ್ ಸ್ವಿಚ್ ಆರಿಸತಕ್ಕದ್ದು. ತುಂಡಾಗಿ ಬಿದ್ದ ತಂತಿಯನ್ನು ಮುಟ್ಟಬಾರದು.

5. ಸಂಪಿಗೆ ಚರಂಡಿ ನೀರು ಸೇರಿದ್ದರೆ ಅದನ್ನು ಪೂರ್ಣ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಬಳಸಿ ಶುದ್ಧೀಕರಿಸಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಿ ಬಳಸಬೇಕು.

ಹಾನಿಯಾದಲ್ಲಿ ಪರಿಹಾರ

ಮನೆಯನ್ನು ಸ್ವಚ್ಛಗೊಳಿಸುವ ಮೊದಲು, ಗೋಡೆಯ ಮೇಲಿನ ನೀರಿನ ಗುರುತು ಹಾಗೂ ಹಾಳಾದ ವಸ್ತುಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ನೀರು ಇಳಿದ ಮೇಲೆ ಹಾನಿಯನ್ನು ತೋರಿಸಲು ಇದೇ ಆಧಾರ. ಗುರುತಿನ ಚೀಟಿ, ವಿಳಾಸದ ದಾಖಲೆ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳೊಂದಿಗೆ ತಹಶೀಲ್ದಾರರ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಬಾಡಿಗೆದಾರರು ಬಾಡಿಗೆ ಕರಾರಿನ ಪ್ರತಿಯನ್ನೂ ಜೊತೆಗಿಡುವುದು ಸೂಕ್ತ.

ಪ್ರಾಣಹಾನಿ ಸಂಭವಿಸಿದಲ್ಲಿ ಕೂಡಲೇ ಪೊಲೀಸ್ ಠಾಣೆಗೆ ತಿಳಿಸಬೇಕು. ಮರಣದ ಕಾರಣದ ಬಗ್ಗೆ ಸಕ್ಷಮ ಪ್ರಾಧಿಕಾರದ ದೃಢೀಕರಣವಿಲ್ಲದೆ ಪರಿಹಾರ ದೊರೆಯುವುದಿಲ್ಲ. 2022-26ರ ಅವಧಿಯ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಮೃತರ ಕುಟುಂಬಕ್ಕೆ ರೂ. 4 ಲಕ್ಷ ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವ ದಿನಕ್ಕೆ ಅನ್ವಯಿಸುವ ದರವನ್ನು ತಹಶೀಲ್ದಾರರ ಕಚೇರಿಯಲ್ಲಿ ತಿಳಿಯಬಹುದಾಗಿದೆ.

ವಾಹನ ವಿಮೆಯಲ್ಲಿ ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದಲ್ಲಿ, ಸ್ವಂತ ವಾಹನಕ್ಕೆ ನೀರಿನಿಂದಾದ ಹಾನಿಗೆ ಪರಿಹಾರವಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ಮತ್ತು ಇತರ ತುರ್ತು ನೆರವು: 112
ವಿದ್ಯುತ್, ಬೆಸ್ಕಾಂ: 1912
ನೀರು ಮತ್ತು ಒಳಚರಂಡಿ, ಜಲಮಂಡಳಿ: 1916

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಚರಂಡಿ, ರಾಜಕಾಲುವೆ ಮತ್ತು ಅಪಾಯದ ಮರಗಳ ಬಗೆಗಿನ ದೂರುಗಳನ್ನು ಮಳೆಗಾಲಕ್ಕೆ ಮೊದಲೇ ತಮ್ಮ ವ್ಯಾಪ್ತಿಯ ಪಾಲಿಕೆಗೆ ಸಲ್ಲಿಸಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಬೇಕೆಂದು ನಾಗರಿಕರನ್ನು ಕೋರಲಾಗಿದೆ.