ಬೆರೆತ ಬಣ್ಣ ಬಿಡಿಸುವ ಬಿಳಿ ಪದರ: ತೆಳುಪದರ ಕ್ರೊಮ್ಯಾಟೋಗ್ರಫಿ

ಪಾಲಕ್ ಸೊಪ್ಪಿನ ಹಸಿರಿನಲ್ಲಿ ಕನಿಷ್ಠ ಆರು ವರ್ಣದ್ರವ್ಯಗಳು ಬೆರೆತಿವೆ: ಎರಡು ಹಸಿರು, ಒಂದು ಕಿತ್ತಳೆ, ಉಳಿದವು ಹಳದಿ. ಅರಿಸಿನದ ಹಳದಿಯಲ್ಲಿ ಮೂರು ಇವೆ. ತಿಂಡಿಗೆ ಹಾಕುವ ಕೇಸರಿ ಬಣ್ಣದ ಪುಡಿಯಲ್ಲಿ ಎರಡೋ ಮೂರೋ ಕೃತಕ ಬಣ್ಣಗಳು ಸೇರಿರುವುದುಂಟು. ಕಣ್ಣಿಗೆ ಮಾತ್ರ ಇವೆಲ್ಲ ಒಂದೊಂದೇ ಬಣ್ಣ. ಅವನ್ನು ಬಿಡಿಬಿಡಿಯಾಗಿ ಹರಡಿ ತೋರಿಸುವ ಅಗ್ಗದ, ಸರಳ ವಿಧಾನವೇ ತೆಳುಪದರ ಕ್ರೊಮ್ಯಾಟೋಗ್ರಫಿ. ಪ್ರಯೋಗಾಲಯದವರ ಬಾಯಲ್ಲಿ ಟಿಎಲ್‌ಸಿ. ಗಾಜು ಅಥವಾ ಅಲ್ಯೂಮಿನಿಯಂ ಹಾಳೆಯ ಮೇಲೆ ಸುಮಾರು ಕಾಲು ಮಿಲಿಮೀಟರ್ ದಪ್ಪಕ್ಕೆ ಬಳಿದ ಬಿಳಿ ಪುಡಿಯ ಪದರ, ಮುಚ್ಚಳವಿರುವ ಗಾಜಿನ ಜಾಡಿ, ಅದರ ತಳದಲ್ಲಿ ಒಂದಿಷ್ಟು ದ್ರಾವಕ. ಇಷ್ಟಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಫಲಿತಾಂಶ ಸಿಗುತ್ತದೆ.

ಬೇರ್ಪಡುವುದು ಹೇಗೆ

ಆ ಬಿಳಿ ಪುಡಿ ಹೆಚ್ಚಾಗಿ ಸಿಲಿಕಾ ಜೆಲ್. ಅದರ ಕಣಗಳ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ಆಕ್ಸಿಜನ್, ನೈಟ್ರೋಜನ್ ಇರುವ ಧ್ರುವೀಯ ಅಣುಗಳನ್ನು ಇವು ಬಿಗಿಯಾಗಿ ಹಿಡಿಯುತ್ತವೆ. ಬರೀ ಇಂಗಾಲ, ಹೈಡ್ರೋಜನ್‌ಗಳಿಂದಾದ ಅಣುಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಪುಡಿ ಬಳಿದ ಹಾಳೆಯ, ಅಂದರೆ ಪ್ಲೇಟಿನ, ಕೆಳತುದಿಯ ಹತ್ತಿರ ಬಣ್ಣದ ಚುಕ್ಕೆ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದಾಗ, ದೀಪದ ಬತ್ತಿ ಎಣ್ಣೆ ಹೀರುವಂತೆ ಪದರವು ದ್ರಾವಕವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ದ್ರಾವಕ ಚುಕ್ಕೆಯನ್ನು ದಾಟುವಾಗ ಪ್ರತಿಯೊಂದು ಅಣುವಿಗೂ ಎರಡು ಕಡೆಯ ಸೆಳೆತ: ಸಿಲಿಕಾಕ್ಕೆ ಅಂಟಿ ನಿಲ್ಲುವುದು, ದ್ರಾವಕದಲ್ಲಿ ಕರಗಿ ಮುಂದೆ ಹೋಗುವುದು. ಹೆಚ್ಚು ಹೊತ್ತು ಅಂಟಿ ನಿಂತದ್ದು ಹಿಂದೆ ಬೀಳುತ್ತದೆ, ಹೆಚ್ಚು ಹೊತ್ತು ಕರಗಿ ಸಾಗಿದ್ದು ಮೇಲೆ ಹೋಗುತ್ತದೆ. ಇದು ಸಾವಿರಾರು ಸಲ ಮರುಕಳಿಸುವುದರಿಂದ ಅಣುರಚನೆಯ ಸಣ್ಣ ವ್ಯತ್ಯಾಸವೂ ಕೊನೆಗೆ ಕಣ್ಣಿಗೆ ಕಾಣುವ ಅಂತರವಾಗುತ್ತದೆ.

ಚುಕ್ಕೆ ಸಾಗಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದರೆ ಬರುವ ಅಂಕಿಯೇ ಆರ್‌ಎಫ್. ಅದು 0 ಮತ್ತು 1ರ ನಡುವೆ ಇರುತ್ತದೆ. ದ್ರಾವಕ 8 ಸೆಂಟಿಮೀಟರ್ ಏರಿ, ಚುಕ್ಕೆ 4 ಸೆಂಟಿಮೀಟರ್ ಸಾಗಿದ್ದರೆ ಆರ್‌ಎಫ್ 0.5.

ಸಸ್ಯವಿಜ್ಞಾನಿಯ ಕೈಯಲ್ಲಿ ಹುಟ್ಟಿದ್ದು

ಈ ವಿದ್ಯೆಯ ಮೂಲ ಎಲೆಯ ಹಸಿರಿನಲ್ಲೇ ಇದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಎಲೆಯ ಸಾರವನ್ನು ಹರಿಸಿ, ಅದು ಬಣ್ಣಬಣ್ಣದ ಪಟ್ಟೆಗಳಾಗಿ ಒಡೆಯುವುದನ್ನು ಕಂಡ. 1903ರಲ್ಲಿ ವಾರ್ಸಾದಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟು, 1906ರಲ್ಲಿ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟ. 1919ರಲ್ಲಿ ಆತ ತೀರಿಕೊಂಡಾಗಲೂ ರಸಾಯನವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 1930ರ ದಶಕದ ಆರಂಭದಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕ್ಯಾರೊಟಿನ್ ಎಂಬ ಕಿತ್ತಳೆ ವರ್ಣದ್ರವ್ಯಗಳ ಮೇಲೆ ಕೆಲಸ ಮಾಡುತ್ತಿದ್ದವರು ಅದಕ್ಕೆ ಮರುಜೀವ ಕೊಟ್ಟರು.

ಕೊಳವೆಯನ್ನು ಬಿಟ್ಟು ತೆಳುವಾದ ಪದರಕ್ಕೆ ಬಂದದ್ದು 1938ರಲ್ಲಿ, ಖಾರ್ಕಿವ್‌ನಲ್ಲಿ. ಗಿಡಮೂಲಿಕೆ ಔಷಧಗಳನ್ನು ಪರೀಕ್ಷಿಸುತ್ತಿದ್ದ ಇಜ್ಮಾಯ್ಲೊವ್ ಮತ್ತು ಶ್ರೈಬರ್ ಗಾಜಿನ ತುಂಡಿಗೆ ಅಲ್ಯುಮಿನಾ ಬಳಿದು ಅದರ ಮೇಲೆ ಹನಿ ಬಿಟ್ಟು ನೋಡಿದರು. 1950ರ ದಶಕದಲ್ಲಿ ಜರ್ಮನಿಯ ಎಗೋನ್ ಸ್ಟಾಲ್ ಪುಡಿಯ ಕಣದ ಗಾತ್ರ, ಪದರದ ದಪ್ಪ, ಅಂಟಿಗೆ ಜಿಪ್ಸಂ ಎಲ್ಲವನ್ನೂ ಗೊತ್ತುಪಡಿಸಿ, ಯಾರು ಎಲ್ಲಿ ಮಾಡಿದರೂ ಹೆಚ್ಚುಕಡಿಮೆ ಒಂದೇ ಫಲ ಬರುವಂತೆ ಮಾಡಿದ. ಇಂದು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುವ ಪ್ಲೇಟುಗಳ ಹಿಂದೆ ಇರುವುದು ಆತನ ಆ ಶಿಸ್ತು.

ಸೊಪ್ಪಿನ ಹಸಿರು ಬಿಡಿಸುವುದು

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಯೋಗವಿಲ್ಲ. ಸೊಪ್ಪನ್ನು ತೊಳೆದು, ನೀರು ಒರೆಸಿ, ಖಲಬತ್ತಿನಲ್ಲಿ ಅಸಿಟೋನ್ ಹಾಕಿ ಅರೆಯಬೇಕು. ಅರೆಯುವಾಗ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸುವುದು ಒಳ್ಳೆಯದು. ಸೊಪ್ಪಿನ ಹುಳಿ ಪತ್ರಹರಿತ್ತಿನ ಅಣುವಿನ ನಡುವೆ ಇರುವ ಮೆಗ್ನೀಷಿಯಂ ಅನ್ನು ಕಿತ್ತುಹಾಕಿದರೆ ಉಳಿಯುವುದು ಫಿಯೊಫೈಟಿನ್ ಎಂಬ ಬೂದುಬಣ್ಣದ ವಸ್ತು. ಸೊಪ್ಪು ಹೆಚ್ಚು ಬೆಂದಾಗ, ಹುಣಸೆಹುಳಿ ಬಿದ್ದಾಗ ಅದರ ಬಣ್ಣ ಮಂಕಾಗುವುದೂ ಇದೇ ಕಾರಣಕ್ಕೆ. ಸೋಸಿದ ಸಾರಕ್ಕೆ ಹೆಕ್ಸೇನ್ ಮತ್ತು ಉಪ್ಪುನೀರು ಹಾಕಿ ಕುಲುಕಿದರೆ ವರ್ಣದ್ರವ್ಯಗಳು ಮೇಲಿನ ಹೆಕ್ಸೇನ್ ಪದರಕ್ಕೆ ಹೋಗುತ್ತವೆ. ಕೆಂಪು ಹರಿವೆ ಸೊಪ್ಪು ತೆಗೆದುಕೊಂಡರೆ ಇಲ್ಲಿ ಒಂದು ಸೊಗಸು ಕಾಣುತ್ತದೆ: ಹಸಿರು ಮೇಲೇರಿದರೂ ಕೆಂಪು ಕೆಳಗಿನ ನೀರಿನಲ್ಲೇ ಉಳಿಯುತ್ತದೆ. ಆ ಕೆಂಪು ಬೀಟಲೈನ್ ಜಾತಿಯದು, ಬೀಟ್‌ರೂಟಿನ ಕೆಂಪಿನ ಬಳಗ. ಎಣ್ಣೆಯಂಥ ದ್ರಾವಕಕ್ಕೆ ಬಗ್ಗುವುದಿಲ್ಲ.

ಪ್ಲೇಟಿನ ಕೆಳಗಿನಿಂದ ಒಂದು ಸೆಂಟಿಮೀಟರ್ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. ಪೆನ್ನು ಸಲ್ಲದು, ಅದರ ಶಾಯಿಯೂ ಬಣ್ಣವೇ, ಅದೂ ಹರಿದು ಚುಕ್ಕೆಗಳ ನಡುವೆ ಸೇರುತ್ತದೆ. ಲೋಮನಾಳದಿಂದ ಎರಡು ಮಿಲಿಮೀಟರ್ ಮೀರದ ಚುಕ್ಕೆ ಇಟ್ಟು, ಒಣಗಿಸಿ, ಅದರ ಮೇಲೇ ಮತ್ತೆ ಇಡಬೇಕು. ಅವಸರಕ್ಕೆ ದೊಡ್ಡ ಹನಿ ಬಿಟ್ಟರೆ ಬಣ್ಣಗಳು ಬಾಲ ಬೆಳೆಸಿಕೊಂಡು ಒಂದರೊಳಗೊಂದು ಹೊಕ್ಕು ಇಡೀ ಶ್ರಮ ವ್ಯರ್ಥ. ಜಾಡಿಯಲ್ಲಿ ಹೆಕ್ಸೇನ್ ಏಳು ಪಾಲು, ಅಸಿಟೋನ್ ಮೂರು ಪಾಲು. ದ್ರಾವಕದ ಮಟ್ಟ ಚುಕ್ಕೆಗಿಂತ ಕೆಳಗಿರಬೇಕು. ಒಳಗೋಡೆಗೆ ಒಂದು ಸೋಸುಕಾಗದ ಒರಗಿಸಿ ಸ್ವಲ್ಪ ಹೊತ್ತು ಮುಚ್ಚಿಟ್ಟು, ಜಾಡಿ ಆವಿಯಿಂದ ತುಂಬಿದ ಮೇಲೆ ಪ್ಲೇಟು ಇಳಿಸಬೇಕು.

ಕೆಲವೇ ನಿಮಿಷದಲ್ಲಿ ಕಿತ್ತಳೆ ಹಳದಿಯ ಪಟ್ಟಿಯೊಂದು ದ್ರಾವಕದ ಅಂಚಿನ ಜೊತೆಗೇ ಮೇಲೆ ಓಡುತ್ತದೆ. ಅದು ಕ್ಯಾರೊಟಿನ್, ಆಕ್ಸಿಜನ್ನೇ ಇಲ್ಲದ ಹೈಡ್ರೋಕಾರ್ಬನ್. ಅದರ ಕೆಳಗೆ ಬೂದು ಪಟ್ಟಿಯಿದ್ದರೆ ಫಿಯೊಫೈಟಿನ್. ಮುಂದೆ ನೀಲಿಹಸಿರಿನ ಪತ್ರಹರಿತ್ತು-ಎ, ಅದರ ಬೆನ್ನಿಗೆ ಹಳದಿಹಸಿರಿನ ಪತ್ರಹರಿತ್ತು-ಬಿ. ಈ ಎರಡರ ನಡುವಿನ ವ್ಯತ್ಯಾಸ ಇಷ್ಟೇ: ಎ ಅಣುವಿನಲ್ಲಿ ಮೀಥೈಲ್ ಗುಂಪಿರುವ ಜಾಗದಲ್ಲಿ ಬಿ ಅಣುವಿನಲ್ಲಿ ಆಲ್ಡಿಹೈಡ್ ಗುಂಪಿದೆ. ನೂರಕ್ಕೂ ಹೆಚ್ಚು ಪರಮಾಣುಗಳ ಅಣುವಿನಲ್ಲಿ ಒಂದು ಮೂಲೆಯ ಈ ಬದಲಾವಣೆಯನ್ನು ಸಿಲಿಕಾ ಗುರುತಿಸಿ ಎರಡು ಪಟ್ಟಿಗಳನ್ನಾಗಿ ಬೇರ್ಪಡಿಸುತ್ತದೆ. ಈ ವಿದ್ಯೆಯಲ್ಲಿ ನನಗೆ ಇಂದಿಗೂ ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಸಂಗತಿ ಅದೇ. ಎಲ್ಲಕ್ಕೂ ಕೆಳಗೆ ಹಳದಿ ಪಟ್ಟಿಗಳು: ಲ್ಯೂಟಿನ್, ವಯೊಲಾಕ್ಸಾಂಥಿನ್, ನಿಯೊಕ್ಸಾಂಥಿನ್. ಕ್ಯಾರೊಟಿನ್‌ನ ಇಂಗಾಲದ ಬೆನ್ನೆಲುಬೇ ಇವುಗಳದ್ದೂ, ಆದರೆ ಆಕ್ಸಿಜನ್ ಹೆಚ್ಚಿದಷ್ಟೂ ಸಿಲಿಕಾದ ಹಿಡಿತ ಹೆಚ್ಚುತ್ತದೆ. ಪ್ಲೇಟು ಹೊರತೆಗೆದ ಕೂಡಲೇ ದ್ರಾವಕದ ಅಂಚನ್ನೂ ಪಟ್ಟಿಗಳನ್ನೂ ಪೆನ್ಸಿಲ್ಲಿನಿಂದ ಗುರುತಿಸಿ ಫೋಟೊ ತೆಗೆಯಬೇಕು. ಗಾಳಿ, ಬೆಳಕಿಗೆ ಕ್ಯಾರೊಟಿನ್ ಬೇಗ ಬಿಳಿಚಿಕೊಳ್ಳುತ್ತದೆ.

ಅಂಕಿಗಿಂತ ಪಕ್ಕದ ಚುಕ್ಕೆ ಮುಖ್ಯ

ಪುಸ್ತಕದ ಕೋಷ್ಟಕದಲ್ಲಿರುವ ಆರ್‌ಎಫ್ ಅಂಕಿಗೆ ತಾಳೆ ನೋಡಿ ‘ಇದು ಇಂಥದ್ದೇ’ ಎಂದು ಬರೆಯುವ ರೂಢಿ ಕಾಲೇಜುಗಳಲ್ಲಿ ಇದೆ. ಅದು ಸರಿಯಾದ ದಾರಿಯಲ್ಲ. ಪದರ ಹೀರಿಕೊಂಡ ತೇವ, ಕೋಣೆಯ ಉಷ್ಣಾಂಶ, ಜಾಡಿಯಲ್ಲಿನ ಆವಿ, ದ್ರಾವಕದ ಪ್ರಮಾಣದ ಸಣ್ಣ ಏರುಪೇರು, ಎಲ್ಲವೂ ಆ ಅಂಕಿಯನ್ನು ಅಲ್ಲಾಡಿಸುತ್ತವೆ. ಮಳೆಗಾಲದ ಮಂಗಳೂರಿನಲ್ಲಿ ಬಂದ ಅಂಕಿ ಬೇಸಿಗೆಯ ಕಲಬುರಗಿಯಲ್ಲಿ ಬರಬೇಕೆಂದೇನಿಲ್ಲ. ನಂಬಬೇಕಾದದ್ದು ಒಂದೇ ಪ್ಲೇಟಿನಲ್ಲಿ, ಒಂದೇ ಗೆರೆಯಲ್ಲಿ, ಅಪರಿಚಿತ ಮಾದರಿಯ ಪಕ್ಕಕ್ಕೆ ಇಟ್ಟ ಪರಿಚಿತ ಶುದ್ಧ ಮಾದರಿಯನ್ನು. ಹವೆ ಹೇಗಿದ್ದರೂ ಎರಡಕ್ಕೂ ಅದೇ ಹವೆ. ಮೂರನೆಯ ಚುಕ್ಕೆಯಾಗಿ ಎರಡನ್ನೂ ಒಂದರ ಮೇಲೊಂದು ಹಾಕಿದರೆ ಇನ್ನೂ ಒಳ್ಳೆಯದು: ಬೇರೆಬೇರೆ ವಸ್ತುಗಳಾಗಿದ್ದರೆ ಅಲ್ಲಿ ಒಡಕು ಕಾಣಬಹುದು.

ಹೊಂದಿಕೆಯಾದರೂ ಅದು ಪೂರ್ಣ ಸಾಕ್ಷ್ಯವಲ್ಲ, ಎರಡು ಬೇರೆ ವಸ್ತುಗಳೂ ಒಂದೇ ಎತ್ತರಕ್ಕೆ ಏರಬಹುದು. ಹೊಂದದಿದ್ದರೆ ಮಾತ್ರ ತೀರ್ಮಾನ ಗಟ್ಟಿ. ‘ಇದು ಅದಲ್ಲ’ ಎಂದು ಟಿಎಲ್‌ಸಿ ಹೇಳಿದರೆ ಧೈರ್ಯವಾಗಿ ನಂಬಬಹುದು. ‘ಇದು ಅದೇ’ ಎಂದರೆ ಬೇರೆ ದ್ರಾವಕದಲ್ಲಿ ಮತ್ತೊಮ್ಮೆ ಓಡಿಸಿ ನೋಡಬೇಕು.

ಅರಿಸಿನ, ಮೆಣಸಿನಪುಡಿ, ಗೋಬಿ ಮಂಚೂರಿ

ಅರಿಸಿನದ ಸಾರವನ್ನು ಕ್ಲೋರೊಫಾರಂ 95, ಮೆಥನಾಲ್ 5 ಪಾಲಿನ ಮಿಶ್ರಣದಲ್ಲಿ ಓಡಿಸಿದರೆ ಮೂರು ಹಳದಿ ಚುಕ್ಕೆಗಳು ಮೆಟ್ಟಿಲುಮೆಟ್ಟಿಲಾಗಿ ನಿಲ್ಲುತ್ತವೆ. ಮೇಲಿನದು, ದೊಡ್ಡದು ಕರ್ಕ್ಯುಮಿನ್. ಅದರಲ್ಲಿ ಎರಡು ಮೆಥಾಕ್ಸಿ ಗುಂಪುಗಳಿವೆ, ಕೆಳಗಿನದರಲ್ಲಿ ಒಂದು, ಅದಕ್ಕೂ ಕೆಳಗಿನದರಲ್ಲಿ ಒಂದೂ ಇಲ್ಲ. 366 ನ್ಯಾನೋಮೀಟರ್ ಅತಿನೇರಳೆ ದೀಪದಡಿ ಮೂರೂ ಹೊಳೆಯುತ್ತವೆ. ಕಲಬೆರಕೆಗೆ ಬಳಸುವ ಮೆಟಾನಿಲ್ ಯೆಲ್ಲೊ ಸಲ್ಫೊನೇಟ್ ಗುಂಪಿರುವ ಬಣ್ಣವಾದ್ದರಿಂದ ಈ ದ್ರಾವಕದಲ್ಲಿ ಹೊರಟ ಜಾಗದ ಹತ್ತಿರವೇ ಉಳಿದು ಸಿಕ್ಕಿಬೀಳುತ್ತದೆ. ಅದರ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ತಾಗಿಸಿದರೆ ನೇರಳೆಗೆಂಪಾಗುತ್ತದೆ.

ಮೆಣಸಿನಪುಡಿ ಅಷ್ಟು ಸುಲಭವಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್. ಹಣ್ಣಿನಲ್ಲಿ ಅದು ಬೇರೆಬೇರೆ ಕೊಬ್ಬಿನಾಮ್ಲಗಳೊಡನೆ ಎಸ್ಟರ್ ಆಗಿ ಸೇರಿರುವುದರಿಂದ ಪ್ಲೇಟಿನ ಮೇಲೆ ಒಂದು ಪಟ್ಟಿಯ ಬದಲು ಕೆಂಪು, ಕಿತ್ತಳೆಯ ಸಾಲೇ ಕಾಣುತ್ತದೆ. ಆ ಸಾಲಿನೊಳಗೆ ಸುಡಾನ್-1ರಂಥ ಎಣ್ಣೆಯಲ್ಲಿ ಕರಗುವ ನಿಷೇಧಿತ ಬಣ್ಣ ಅಡಗಿಕೊಳ್ಳಬಹುದು. 2003ರಲ್ಲಿ ಯುರೋಪಿಗೆ ಹೋದ ಮೆಣಸಿನಪುಡಿಯಲ್ಲಿ ಇದು ಸಿಕ್ಕಿ, 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕಾಯಿತು. ಪಕ್ಕದಲ್ಲಿ ಶುದ್ಧ ಸುಡಾನ್ ಚುಕ್ಕೆ ಇಡದೆ ಇಂಥ ಪ್ಲೇಟನ್ನು ಓದಲು ಹೋಗಬಾರದು.

ತಿಂಡಿಯಲ್ಲಿನ ಕೃತಕ ಬಣ್ಣವನ್ನು ಹೊರತೆಗೆಯಲು ಪ್ರಯೋಗಾಲಯಗಳು ಬಿಳಿ ಉಣ್ಣೆಯ ದಾರವನ್ನು ಬಳಸುತ್ತವೆ. ಮಾದರಿಗೆ ಅಸಿಟಿಕ್ ಆಮ್ಲ ಹಾಕಿ ದಾರ ಮುಳುಗಿಸಿ ಕಾಯಿಸಿದರೆ ಟಾರ್ಟ್ರಾಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ನಂಥ ಆಮ್ಲೀಯ ಬಣ್ಣಗಳು ಉಣ್ಣೆಗೆ ಹತ್ತುತ್ತವೆ. ದಾರ ತೊಳೆದು ತೆಳು ಅಮೋನಿಯಾದಲ್ಲಿ ಕಾಯಿಸಿದರೆ ಬಿಟ್ಟುಕೊಡುತ್ತವೆ. ಸಕ್ಕರೆ, ಎಣ್ಣೆ, ಹಿಟ್ಟು ಹಿಂದೆ ಉಳಿದು ಬಣ್ಣ ಮಾತ್ರ ಪ್ಲೇಟಿಗೆ ಬರುತ್ತದೆ. ರೋಡಮೀನ್-ಬಿ ಪ್ರತ್ಯಾಮ್ಲೀಯ ಬಣ್ಣ, ಅದರ ನಡವಳಿಕೆ ಇದಕ್ಕೆ ಉಲ್ಟಾ: ಕ್ಷಾರದಲ್ಲಿ ಹತ್ತಿ, ಆಮ್ಲದಲ್ಲಿ ಬಿಡುತ್ತದೆ. ಅತಿನೇರಳೆ ದೀಪದಡಿ ಅದರ ಪ್ರಖರ ಹೊಳಪನ್ನು ಮುಚ್ಚಿಡಲಾಗದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣ ಹಾಕಿದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿದಾಗ ಹೆಚ್ಚು ಕೇಳಿಬಂದ ಹೆಸರು ಈ ರೋಡಮೀನ್-ಬಿಯದೇ.

ಹಳೆಯ ಬಟ್ಟೆಯ ಕೆಂಪು

ನೂರಾರು ವರ್ಷ ಹಳೆಯ ಬಟ್ಟೆಯ ಕೆಂಪು ಯಾವ ಬೇರಿನದು? ಕೆಲವು ಮಿಲಿಮೀಟರ್ ನೂಲು ಸಿಕ್ಕರೂ ಸಾಕು. ಬಣ್ಣವನ್ನು ನೂಲಿಗೆ ಕಟ್ಟಿಹಾಕಿದ ಪಟಿಕದ ಹಿಡಿತ ಸಡಿಲಿಸಲು ಹೈಡ್ರೋಕ್ಲೋರಿಕ್ ಆಮ್ಲ, ಮೆಥನಾಲ್, ನೀರಿನ ಮಿಶ್ರಣದಲ್ಲಿ ಕಾಯಿಸಿ, ಬಂದ ಬಣ್ಣವನ್ನು ಪಾಲಿಅಮೈಡ್ ಪದರದ ಮೇಲೆ ಓಡಿಸುತ್ತಾರೆ. ಯುರೋಪಿನ ಮ್ಯಾಡರ್ ಬೇರಿನಲ್ಲಿ ಅಲಿಜರಿನ್ ಮತ್ತು ಪರ್ಪುರಿನ್ ಎರಡೂ ಇವೆ. ನಮ್ಮ ಮಂಜಿಷ್ಠದಲ್ಲಿ ಪರ್ಪುರಿನ್, ಮಂಜಿಸ್ಟಿನ್ ಹೆಚ್ಚು, ಅಲಿಜರಿನ್ ತೀರಾ ಕಡಿಮೆ. ಕೋರಮಂಡಲ ತೀರದ ಕಲಂಕಾರಿಗೆ ಕೆಂಪು ಕೊಟ್ಟ ಚಾಯ್ ಬೇರಿನಲ್ಲಿ ಅಲಿಜರಿನ್ ಇದೆ, ಪರ್ಪುರಿನ್ ಕಾಣುವುದಿಲ್ಲ. ಹೀಗಾಗಿ ಗುರುತು ಸಿಗುವುದು ಒಂದು ಚುಕ್ಕೆಯಿಂದಲ್ಲ, ಯಾವುದರ ಜೊತೆ ಯಾವುದಿದೆ, ಯಾವುದಿಲ್ಲ ಎಂಬುದರಿಂದ.

ಆದರೆ ಅಲಿಜರಿನ್ ಒಂದೇ ಕಂಡರೆ ತೊಡಕು. 1869ರ ನಂತರ ಅದನ್ನು ಕಾರ್ಖಾನೆಯಲ್ಲಿ ಟಾರಿನಿಂದ ತಯಾರಿಸತೊಡಗಿದರು. ಬೇರಿನ ಅಲಿಜರಿನ್‌ಗೂ ಕಾರ್ಖಾನೆಯದಕ್ಕೂ ಅಣುವಿನಲ್ಲಿ ಭೇದವಿಲ್ಲ, ಪ್ಲೇಟಿನ ಮೇಲೂ ಇಲ್ಲ. ಆಗ ಬಟ್ಟೆಯ ಕಾಲ, ನೇಯ್ಗೆ, ಊರು ಹೇಳುವ ಮಾತನ್ನೂ ಕೇಳಬೇಕಾಗುತ್ತದೆ. ಈಗ ದೊಡ್ಡ ವಸ್ತುಸಂಗ್ರಹಾಲಯಗಳು ಈ ಕೆಲಸಕ್ಕೆ ದ್ರವ ಕ್ರೊಮ್ಯಾಟೋಗ್ರಫಿ ಯಂತ್ರದ ಜೊತೆ ಮಾಸ್ ಸ್ಪೆಕ್ಟ್ರೋಮೀಟರ್ ಬಳಸುತ್ತವೆ.

ಟಿಎಲ್‌ಸಿಗೆ ಕಾಣದ್ದು

ಯಾವ ಬಣ್ಣ ಎಂದು ಹೇಳುವ ಪ್ಲೇಟು ಎಷ್ಟು ಬಣ್ಣ ಎಂದು ಕಣ್ಣಂದಾಜಿಗೆ ಮಾತ್ರ ಹೇಳಬಲ್ಲದು. ಅಳತೆ ಬೇಕಾದವರಿಗೆ ಎಚ್‌ಪಿಟಿಎಲ್‌ಸಿ ಇದೆ: ಇನ್ನೂ ನುಣುಪಾದ ಪದರ, ಯಂತ್ರವೇ ಇಡುವ ಚುಕ್ಕೆ, ಬೆಳಕು ಹಾಯಿಸಿ ಪ್ರತಿ ಪಟ್ಟಿಯ ಗಾಢತೆ ಅಳೆಯುವ ಸ್ಕ್ಯಾನರ್. ಆಯುರ್ವೇದದ ಕಚ್ಚಾ ಮೂಲಿಕೆಗಳ ಗುರುತಿಗೆ ಇದು ಈಗ ನಿತ್ಯದ ಸಾಧನ.

ಇನ್ನೊಂದು ಮಿತಿ ಹೆಚ್ಚು ಗಂಭೀರ. ದ್ರಾವಕದಲ್ಲಿ ಕರಗದ್ದು ಪ್ಲೇಟಿನ ಮೇಲೆ ಚಲಿಸುವುದೇ ಇಲ್ಲ. ಅರಿಸಿನಕ್ಕೆ ಬೆರೆಸುವ ಹಳದಿಗಳಲ್ಲಿ ಅತ್ಯಂತ ಅಪಾಯಕಾರಿಯಾದ ಸೀಸದ ಕ್ರೋಮೇಟ್ ಅಂಥದ್ದು. ಅದು ಖನಿಜ ಬಣ್ಣ, ಸಾರ ತೆಗೆಯುವಾಗಲೇ ಸೋಸುಕಾಗದ ಮೇಲೆ ಉಳಿದುಬಿಡುತ್ತದೆ. ಮೂರು ಹಳದಿ ಚುಕ್ಕೆಗಳು ಎಷ್ಟೇ ಶುದ್ಧವಾಗಿ ಕಂಡರೂ ಆ ಅರಿಸಿನದಲ್ಲಿ ಸೀಸವಿಲ್ಲ ಎನ್ನಲು ಬರುವುದಿಲ್ಲ. ಮಕ್ಕಳ ಮೆದುಳಿಗೆ ಹಾನಿ ಮಾಡುವ ಲೋಹ ಅದು. ಅದನ್ನು ಹುಡುಕಲು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಪರಮಾಣು ಹೀರಿಕೆಯ ಉಪಕರಣದಲ್ಲಿ ಸೀಸವನ್ನೇ ಅಳೆಯಬೇಕು.